ಏಳುನೂರು ರೂಪಾಯಿಯ ಎಸ್‌ಎಂಪಿಎಸ್

ತಪ್ಪು ನನ್ನದೇ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ನನ್ನ ಆಪಾ ಬಿ.ಕಾಂ. ಮುಗಿಸಿ, ಮನೆಯಲ್ಲೇ ಕುಳಿತು ಎರಡು ಅಂಗಡಿಗಳ ಲೆಕ್ಕ ಬರೆಯುತ್ತಾಳೆ. ಪ್ರತಿ ವಾರ ಪ್ಲಾಸ್ಟಿಕ್ ಚೀಲದಲ್ಲಿ ಬಿಲ್ಲುಗಳು ಬರುತ್ತವೆ, ಅವಳು ಒಂದೊಂದನ್ನೂ ಟ್ಯಾಲಿಗೆ ಹಾಕುತ್ತಾಳೆ. ನನ್ನ ಕಾಲೇಜು ಫೀಸಿನಲ್ಲಿ ಅರ್ಧ ಅಲ್ಲಿಂದಲೇ ಬರುತ್ತದೆ.

ಕಳೆದ ವರ್ಷ ಅವಳ ಹಳೇ ಕಂಪ್ಯೂಟರಿನ ಎಸ್‌ಎಂಪಿಎಸ್ ಕೆಟ್ಟಿತು. ಕ್ಯಾಬಿನೆಟ್ಟಿನ ಹಿಂಭಾಗದಲ್ಲಿ ಫ್ಯಾನ್ ಇರುವ ತಗಡಿನ ಡಬ್ಬಿಯೇ ಎಸ್‌ಎಂಪಿಎಸ್. ಗೋಡೆಯಿಂದ ಬರುವ 230 ವೋಲ್ಟ್ ಎ.ಸಿ.ಯನ್ನು ಕಂಪ್ಯೂಟರಿಗೆ ಬೇಕಾದ 12, 5 ಮತ್ತು 3.3 ವೋಲ್ಟ್ ಡಿ.ಸಿ.ಗೆ ಬದಲಾಯಿಸುವುದು ಅದರ ಕೆಲಸ. ಅಂಗಡಿಯಲ್ಲಿ ಎರಡು ತೋರಿಸಿದರು. ಒಂದಕ್ಕೆ 700 ರೂಪಾಯಿ, ಇನ್ನೊಂದಕ್ಕೆ 2,200. ಎರಡರ ಮೇಲೂ ದಪ್ಪಕ್ಷರದಲ್ಲಿ 450 ಎಂದಿತ್ತು. "ಎರಡೂ 450 ವಾಟೇ ತಾನೆ, 1,500 ಯಾಕೆ ಜಾಸ್ತಿ ಕೊಡಬೇಕು?" ಅಂದೆ. ಕಂಪ್ಯೂಟರ್ ಬಗ್ಗೆ ಗೊತ್ತಿರುವವನು ನಾನೇ ಎಂದು ಮನೆಯಲ್ಲಿ ಎಲ್ಲರೂ ನಂಬಿದ್ದರು. ನಾನೂ ನಂಬಿದ್ದೆ.

ಏಪ್ರಿಲ್‌ನ ಒಂದು ಸಂಜೆ ಗುಡುಗು ಮಳೆ. ಕರೆಂಟು ಮೂರು ಸಲ ಹೋಗಿ ಬಂತು. ಮೂರನೇ ಸಲ ಟಪ್ ಎಂದು ಶಬ್ದ, ಸುಟ್ಟ ವಾಸನೆ. ರಿಪೇರಿಯವರು ಬಿಚ್ಚಿ ನೋಡಿ, ಎಸ್‌ಎಂಪಿಎಸ್ ಒಂದೇ ಅಲ್ಲ, ಬೋರ್ಡೂ ಹೋಗಿದೆ, ಹಾರ್ಡ್ ಡಿಸ್ಕ್ ತಿರುಗುತ್ತಿಲ್ಲ ಎಂದರು. ಪೆನ್‌ಡ್ರೈವ್‌ನಲ್ಲಿ ಫೆಬ್ರವರಿವರೆಗಿನ ಬ್ಯಾಕಪ್ ಮಾತ್ರ ಇತ್ತು. ಮಾರ್ಚ್ ತಿಂಗಳ ಜಿಎಸ್‌ಟಿ ರಿಟರ್ನ್ 20ನೇ ತಾರೀಕಿನೊಳಗೆ ಹಾಕಬೇಕು. ಆಪಾ ಆರು ದಿನ ಬೆಳಿಗ್ಗೆ ಏಳಕ್ಕೇ ಅಬ್ಬಾ ಜೊತೆ ಹೊರಟು, ಅಂಗಡಿಯವರ ಕಂಪ್ಯೂಟರಿನಲ್ಲಿ ಆ ತಿಂಗಳ ಎಲ್ಲ ಬಿಲ್ಲುಗಳನ್ನೂ ಮತ್ತೆ ಹಾಕಿದಳು. ಅಮ್ಮಿ ಒಮ್ಮೆ, "ಸಸ್ತಾ ರೋಯೇ ಬಾರ್ ಬಾರ್" ಅಂದರು. ಆಪಾ ನನಗೆ ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಸತ್ತ ಡಬ್ಬಿಯನ್ನು ನಾನು ಎಸೆಯಲಿಲ್ಲ. ಅದರ ಪಕ್ಕದಲ್ಲಿ ಸಣ್ಣ ಅಕ್ಷರದ ಒಂದು ಪಟ್ಟಿ ಇತ್ತು. ಕೊಳ್ಳುವಾಗ ನಾನು ಅದನ್ನು ಓದಿರಲೇ ಇಲ್ಲ. ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ವಾಟ್, ಹತ್ತನೇ ತರಗತಿಯ ಪಾಠ. 12 ವೋಲ್ಟಿನ ಕೆಳಗೆ 14 ಆಂಪಿಯರ್ ಎಂದಿತ್ತು. ಅಂದರೆ 168 ವಾಟ್. ಪ್ರೊಸೆಸರ್ ಮುಖ್ಯವಾಗಿ ಎಳೆಯುವುದು ಈ 12 ವೋಲ್ಟಿನಿಂದಲೇ. ಉಳಿದ ವಾಟ್‌ಗಳು ಈಗಿನ ಕಂಪ್ಯೂಟರ್ ಹೆಚ್ಚು ಬಳಸದ ಕಡೆ ಕುಳಿತಿದ್ದವು. ಬ್ಯಾಲೆನ್ಸ್ ಶೀಟಿನಲ್ಲಿ ವಸೂಲಾಗದ ಸಾಲಗಾರರನ್ನೆಲ್ಲ ಆಸ್ತಿ ಎಂದು ತೋರಿಸಿದ ಹಾಗೆ. ನಿಜ ಹೇಳಬೇಕೆಂದರೆ ಆಪಾಳ ಕೆಲಸಕ್ಕೆ 168 ವಾಟ್ ಕೂಡ ಸಾಕಿತ್ತು. ಆದರೆ ವೋಲ್ಟೇಜ್ ಏರಿದಾಗ ಅಥವಾ ಒಳಗೆ ಶಾರ್ಟ್ ಆದಾಗ ತಾನೇ ಆಫ್ ಆಗಿ ಬೋರ್ಡನ್ನು ಉಳಿಸುವ ರಕ್ಷಣೆ ಇರಬೇಕಿತ್ತು. ಲೇಬಲ್ಲಿನಲ್ಲೇ ಹೀಗೆ ಮಾಡಿದವರು ಒಳಗೆ ಅದನ್ನು ಹಾಕುತ್ತಾರೆಯೇ?

ಹೊಸ ಕಂಪ್ಯೂಟರಿಗೆ ಆಪಾಳ ಉಳಿತಾಯ, ಅಬ್ಬಾ ಚೀಟಿ ಎತ್ತಿದ ಹಣ, ಎಲ್ಲ ಸೇರಿ 25,000. ತುಮಕೂರಿನಿಂದ ರೈಲಿನಲ್ಲಿ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದೆವು. ಲೆಕ್ಕ ಚೀಟಿಯಲ್ಲಿ ಬರೆದುಕೊಂಡಿದ್ದೆ. ಐ3-12100 ಪ್ರೊಸೆಸರ್ ಹೆಚ್ಚೆಂದರೆ 89 ವಾಟ್ ಎಳೆಯುತ್ತದೆ, ಬೇರೆ ಗ್ರಾಫಿಕ್ಸ್ ಕಾರ್ಡ್ ಬೇಡ, ಬೋರ್ಡು, ಎಸ್‌ಎಸ್‌ಡಿ, ಫ್ಯಾನು ಸೇರಿದರೂ 150 ದಾಟುವುದಿಲ್ಲ. ನಿಜವಾದ 450 ಧಾರಾಳ ಸಾಕು. ನನ್ನ ಗೆಳೆಯ 750 ವಾಟಿನ ಗೋಲ್ಡ್ ತಗೋ ಅಂದಿದ್ದ. 80 ಪ್ಲಸ್, ಬ್ರಾಂಜ್, ಗೋಲ್ಡ್ ಎಂಬ ಗುರುತುಗಳು ಹೇಳುವುದು ಕರೆಂಟು ಎಷ್ಟು ಕಡಿಮೆ ವ್ಯರ್ಥವಾಗುತ್ತದೆ ಎಂಬುದನ್ನು. ಎಷ್ಟು ವರ್ಷ ಬಾಳುತ್ತದೆ ಎಂಬುದನ್ನಲ್ಲ.

ಒಂದು ಅಂಗಡಿಯಲ್ಲಿ ಗಾಜಿನ ಬಾಗಿಲಿನ, ಬಣ್ಣದ ಲೈಟಿನ ಕ್ಯಾಬಿನೆಟ್ ತೋರಿಸಿ, "ಇದು ತಗೊಂಡ್ರೆ ಎಸ್‌ಎಂಪಿಎಸ್ ಫ್ರೀ" ಅಂದರು. ನನ್ನ ಕಣ್ಣು ಅದರ ಮೇಲೇ ಇತ್ತು, ಸುಳ್ಳು ಹೇಳುವುದಿಲ್ಲ. ಫ್ರೀ ಡಬ್ಬಿಯನ್ನು ತಿರುಗಿಸಿ ನೋಡಿದೆ. 12 ವೋಲ್ಟಿಗೆ 16 ಆಂಪಿಯರ್. "ನಕ್ಕೋ" ಅಂದರು ಅಬ್ಬಾ, ನಾನು ಗುಣಿಸಿ ಮುಗಿಸುವ ಮೊದಲೇ. ಅವರು ದರ್ಜಿ. ಎರಡೂ ಡಬ್ಬಿಗಳನ್ನು ಕೈಯಲ್ಲಿ ಹಿಡಿದು ತೂಗಿ ನೋಡಿದ್ದರು. ಕೊನೆಗೆ ಸಾದಾ ಕಪ್ಪು ಕ್ಯಾಬಿನೆಟ್, 80 ಪ್ಲಸ್ ಇದ್ದ ಬೇರೆ 450 ವಾಟ್ ಎಸ್‌ಎಂಪಿಎಸ್. 12 ವೋಲ್ಟಿಗೆ 36 ಆಂಪಿಯರ್, 432 ವಾಟ್. ಮೂರು ವರ್ಷ ವಾರಂಟಿ, ಬಿಲ್ ಸಮೇತ. ಲೈಟಿನ ಹಣವೆಲ್ಲ ಅಲ್ಲಿಗೆ ಹೋಯಿತು.

ಮನೆಗೆ ತಂದು ಜೋಡಿಸಿದಾಗ ಇನ್ನೊಂದು ವಿಷಯ ಹೊರಬಂತು. ಕ್ಯಾಬಿನೆಟ್ ಮುಟ್ಟಿದರೆ ಜುಮ್ ಎನ್ನುತ್ತಿತ್ತು. ಹಳೆಯದರಲ್ಲೂ ಹಾಗೇ ಆಗುತ್ತಿತ್ತು, ಕಂಪ್ಯೂಟರ್ ಅಂದರೆ ಹಾಗೇ ಎಂದುಕೊಂಡಿದ್ದೆವು. ಎಲೆಕ್ಟ್ರಿಷಿಯನ್ ಬಂದು ನೋಡಿದರೆ ಪ್ಲಗ್ ಪಾಯಿಂಟಿನ ಮೇಲಿನ ದೊಡ್ಡ ತೂತಿಗೆ ಅರ್ಥಿಂಗ್ ವೈರೇ ಇಲ್ಲ! ನಿಮ್ಮ ಮನೆಯಲ್ಲೂ ಹೀಗಾಗುತ್ತಿದ್ದರೆ ಇವತ್ತೇ ತೋರಿಸಿ.

ಕರೆಂಟು ಹೋಗಿ ಇನ್ವರ್ಟರ್ ಬರುವ ಸಂದಿಯಲ್ಲಿ ಹಳೇ ಕಂಪ್ಯೂಟರ್ ಪ್ರತಿ ಸಲ ರೀಸ್ಟಾರ್ಟ್ ಆಗುತ್ತಿತ್ತು. ಒಳ್ಳೆಯ ಎಸ್‌ಎಂಪಿಎಸ್ ತನ್ನ ಕೆಪಾಸಿಟರಿನ ಬಲದಿಂದ ಸುಮಾರು 16-17 ಮಿಲಿಸೆಕೆಂಡ್ ತಡೆದುಕೊಳ್ಳುತ್ತದೆ. ಇನ್ವರ್ಟರ್ ಹಿಂದಿನ ಸ್ವಿಚ್ಚನ್ನು ಯುಪಿಎಸ್ ಮೋಡ್‌ಗೆ ಹಾಕಿದರೆ ಅದರೊಳಗೇ ಕರೆಂಟು ಸಿಗುತ್ತದೆ. ಆ ಸ್ವಿಚ್ ನಮ್ಮಲ್ಲಿ ಇಷ್ಟು ವರ್ಷ ಇನ್ನೊಂದು ಕಡೆಗೇ ಇತ್ತು.

ಮೊನ್ನೆ ಮಗ್ರಿಬ್ ಹೊತ್ತಿಗೆ ಕರೆಂಟು ಹೋಯಿತು. ನಾನು ಪುಸ್ತಕ ಬಿಟ್ಟು ಆಪಾಳ ಕೋಣೆಗೆ ಓಡಿದೆ. ಟ್ಯಾಲಿ ತೆರೆದೇ ಇತ್ತು. ಆಪಾ ಪರದೆಯಿಂದ ಕಣ್ಣು ತೆಗೆಯದೆ, "ಆ ಬಿಲ್ಲಿನ ಚೀಲ ಇತ್ತ ಕೊಡು" ಅಂದಳು.