ಲಾಸ್ಟ್ ನೇಮ್ ಪಕ್ಕ ಒಂದು ಪ್ರಶ್ನಾರ್ಥಕ ಚಿಹ್ನೆ

ಪೋಸ್ಟ್ ಉದ್ದ ಐತೆ, ಅರ್ಧ ಕಂಪ್ಯೂಟರ್ ವಿಷಯ. ತಲೆಗೆ ಹತ್ತದಿದ್ರೆ ಮಧ್ಯೆ ಒಂದೆರಡು ಪ್ಯಾರಾ ಹಾರಿಸಿ ಓದಿ, ಪೂರ್ತಿ ಬಿಡಬೇಡಿ.

ನಮ್ಮಕ್ಕನನ್ನ ಕೊಟ್ಟಿರೋದು ಕುರುಗೋಡಿಗೆ. ಅವಳ ಮಗಳು ಸಿರುಗುಪ್ಪದಲ್ಲಿ ಪಿಯುಸಿ ಓದಿದಳು. ಮುಗಿದ ಮೇಲೆ ಒಂದು ಖಾಸಗಿ ಕೋಚಿಂಗಿನ ಆಯ್ಕೆ ಪರೀಕ್ಷೆಗೆ ಅರ್ಜಿ ಹಾಕೋಕೆ ಊರಿನ ಸೈಬರ್ ಸೆಂಟರ್‌ಗೆ ಹೋದಳು. ಹೆಸರಿನ ಬಾಕ್ಸಿನಲ್ಲಿ ಹೆಸರು ಹಾಕಿದ್ದಾಯ್ತು. ಪಕ್ಕದ್ದು ಲಾಸ್ಟ್ ನೇಮ್, ತಲೆ ಮೇಲೆ ಕೆಂಪು ಚುಕ್ಕಿ. ಖಾಲಿ ಬಿಟ್ಟರೆ ಫಾರ್ಮ್ ಮುಂದಕ್ಕೇ ಹೋಗ್ತಿಲ್ಲ. ನಮ್ಮ ಮನೆತನದಲ್ಲಿ ಯಾರಿಗೂ ಅಡ್ಡಹೆಸರಿಲ್ಲ. ಅವಳ ಆಧಾರ್ ಕಾರ್ಡಿನಲ್ಲೂ ಇರೋದು ಒಂದೇ ಹೆಸರು.

ಸೆಂಟರಿನ ಹುಡುಗ "ಏನ್ ಹಾಕ್ಲಿ?" ಅಂದ.

"ಏನೂ ಇಲ್ಲಣ್ಣ."

"ಏನೂ ಇಲ್ಲ ಅಂದ್ರೆ ಇದು ತಗಳ್ಳಲ್ಲಮ್ಮ. ನೀವು ಯಾವ ಜನ?"

ಕೈಯಲ್ಲೇ ಜಾತಿ ಸರ್ಟಿಫಿಕೇಟ್ ಇತ್ತಲ್ಲ, ಅದರಲ್ಲಿದ್ದದ್ದನ್ನೇ ಲಾಸ್ಟ್ ನೇಮ್ ಬಾಕ್ಸಿಗೆ ಹೊಡೆದು ಸಬ್ಮಿಟ್ ಒತ್ತಿದ. ಕೆಟ್ಟ ಹುಡುಗ ಏನಲ್ಲ. ಹಿಂದೆ ಹತ್ತು ಜನ ಸಾಲಲ್ಲಿ ನಿಂತಿದ್ದರು.

ಪರೀಕ್ಷೆ ಇದ್ದದ್ದು ಬಳ್ಳಾರಿಯಲ್ಲಿ. ಹಾಲ್ ಟಿಕೆಟ್ಟು, ಹಾಜರಿ ಪಟ್ಟಿ, ಕುತ್ತಿಗೆಗೆ ಹಾಕೋ ಕಾರ್ಡು, ಎಲ್ಲದರಲ್ಲೂ ಅವಳ ಹೆಸರಿಗೆ ಜಾತಿ ಅಂಟಿಕೊಂಡಿತ್ತು. ಹಾಜರಿ ತಗೊಂಡವರು ಎರಡನ್ನೂ ಸೇರಿಸಿ ಜೋರಾಗಿ ಓದಿದರಂತೆ. ಹಿಂದಿನ ಬೆಂಚಿಂದ ಒಂದು ನಗು ಬಂತಂತೆ. ಅವಳು ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಎರಡು ವಾರ ಕಳೆದ ಮೇಲೆ ನನಗೆ ಫೋನ್ ಮಾಡಿ "ಮಾಮ, ಆ ಎರಡನೇ ಹೆಸರು ತೆಗೆಸೋಕೆ ಆಗುತ್ತಾ?" ಅಂದಳು. ಜಾತಿ ಮುಚ್ಚಿಡೋ ಪ್ರಶ್ನೆ ಅಲ್ಲ ಇದು. ವೇದಿಕೆ ಮೇಲೆ ನಿಂತು ನಮ್ಮ ಜಾತಿ ನಾವೇ ಗಟ್ಟಿಯಾಗಿ ಹೇಳ್ಕೊಳ್ಳೋರು. ಆದರೆ ಹೇಳೋರು ನಾವಾಗಿರಬೇಕು, ಫಾರ್ಮ್ ಅಲ್ಲ.

ನಾನು ಹೊಟ್ಟೆಪಾಡಿಗೆ ಸಾಫ್ಟ್‌ವೇರ್ ಕೆಲಸದವನು. 2020ರ ಲಾಕ್‌ಡೌನಿನಲ್ಲಿ ಬೆಂಗಳೂರು ಬಿಟ್ಟು ಬಂದವನು ಈಗಲೂ ಕೌಲ್ ಬಜಾರ್ ಕಡೆ ಒಂದು ರೂಮಲ್ಲಿ ಕೂತು ದುಡೀತೀನಿ. ಆ ಸೈಟ್ ಮಾಡಿದ ಹುಡುಗನನ್ನ ಹುಡುಕಿ ಮೆಸೇಜ್ ಮಾಡಿದೆ. ಪಾಪ, ತಕ್ಷಣ ಉತ್ತರ ಕೊಟ್ಟ: "ಸಾರ್, ಲಾಸ್ಟ್ ನೇಮ್ ಕೊಡದಿದ್ರೆ ಎಡಿಟರ್‌ನಲ್ಲಿ ಕೆಂಪು ಗೆರೆ ಬರ್ತಿತ್ತು. ಕಡ್ಡಾಯ ಮಾಡಿದೆ, ಗೆರೆ ಹೋಯ್ತು." ಅವನು ಬಳಸಿದ್ದ ಲೈಬ್ರರಿಯನ್ನ ನಾನೂ ಬಳಸಿದ್ದೆ. ಹೆಸರು ಬೇಡ, ನಡೆಸೋರು ಸಂಬಳವಿಲ್ಲದೆ ರಾತ್ರಿ ಕೂತು ದುಡಿಯೋ ಜನ. ಒಳಗಿನ ಕೋಡ್ ತೆಗೆದು ನೋಡಿದೆ. ಲಾಸ್ಟ್ ನೇಮ್ ಇಲ್ಲದಿದ್ದರೂ ಅದು ಆರಾಮಾಗಿ ನಡೀತದೆ! ಹಾಗಾದ್ರೆ ಕೆಂಪು ಗೆರೆ ಎಲ್ಲಿಂದ ಬಂತು?

ಇಲ್ಲಿ ಸ್ವಲ್ಪ ತಾಳ್ಮೆ ಬೇಕು. ಜಾವಾಸ್ಕ್ರಿಪ್ಟ್ ಬಂದದ್ದು 1995ರಲ್ಲಿ. ಅದು ಯಾರನ್ನೂ "ನೀನು ಅಂಕಿನಾ, ಅಕ್ಷರನಾ" ಅಂತ ಮೊದಲೇ ಕೇಳಲ್ಲ, ಬಂದವರನ್ನೆಲ್ಲ ಒಳಗೆ ಬಿಡುತ್ತೆ, ಆಮೇಲೆ ಮುಗ್ಗರಿಸುತ್ತೆ. ಅದಕ್ಕೇ 2012ರಲ್ಲಿ ಮೈಕ್ರೋಸಾಫ್ಟ್‌ನವರು ಟೈಪ್‌ಸ್ಕ್ರಿಪ್ಟ್ ತಂದರು. ಯಾವ ಡಬ್ಬಿಯಲ್ಲಿ ಏನಿರಬೇಕು ಅಂತ ಮೊದಲೇ ಬರೆದಿಟ್ಟರೆ, ತಪ್ಪಿದಲ್ಲಿ ಅದು ಕೆಂಪು ಗೆರೆ ಎಳೆಯುತ್ತೆ. ಆದರೆ ಅಷ್ಟೊತ್ತಿಗೆ ಹಳೇ ಜಾವಾಸ್ಕ್ರಿಪ್ಟ್ ಲೈಬ್ರರಿಗಳು ಸಾವಿರಗಟ್ಟಲೆ ಇದ್ದವು. ಅವನ್ನ ತಿರುಗಿ ಬರೆಯೋರು ಯಾರು? ಹಂಗಾಗಿ ಕೋಡ್ ಹಂಗೇ ಬಿಟ್ಟು, ಪಕ್ಕಕ್ಕೆ ಒಂದು ಡೆಫಿನಿಷನ್ ಫೈಲ್ ಇಡೋ ಪದ್ಧತಿ ಬಂತು. ಎಷ್ಟೋ ಸಲ ಅದನ್ನ ಬರೆಯೋರು ಲೈಬ್ರರಿಯವರೂ ಅಲ್ಲ, ಹೊರಗಿನ ಸ್ವಯಂಸೇವಕರು. ಡೆಫಿನೆಟ್ಲಿಟೈಪ್ಡ್ ಅನ್ನೋ ದೊಡ್ಡ ಕಣಜವೇ ಐತೆ ಇದಕ್ಕೆ.

ನಮ್ಮವ್ವ ವರ್ಷಗಟ್ಟಲೆ ಬಳ್ಳಾರಿಯ ಜೀನ್ಸ್ ಯೂನಿಟ್ಟಲ್ಲಿ ಸೊಂಟದ ಪಟ್ಟಿಗೆ ಸೈಜಿನ ಲೇಬಲ್ ಹೊಲಿದಾಳೆ. ಡೆಫಿನಿಷನ್ ಫೈಲ್ ಅಂದ್ರೆ ಆ ಲೇಬಲ್. ಕಟಿಂಗ್ ಮಾಸ್ಟರ್ ಅಳತೆ ಬದಲಾಯಿಸಿ ಯಾರಿಗೂ ಹೇಳದೆ ಹೋದ ಅನ್ಕೊಳ್ಳಿ, ಲೇಬಲ್ ಮೇಲೆ 32 ಅಂತಲೇ ಇರುತ್ತೆ, ಪ್ಯಾಂಟು ಮಾತ್ರ 30. ಟೇಪ್ ಹಿಡಿಯೋತನಕ ಗೊತ್ತಾಗಲ್ಲ. ಇನ್ನೊಂದು ವಿಷಯ, ಟೈಪ್‌ಸ್ಕ್ರಿಪ್ಟ್ ಬರೆದಿಟ್ಟ ಟೈಪುಗಳೆಲ್ಲ ಪ್ರೋಗ್ರಾಂ ಓಡೋ ಹೊತ್ತಿಗೆ ಅಳಿಸಿಹೋಗಿರ್ತವೆ. ಓಡೋದು ಬರೀ ಜಾವಾಸ್ಕ್ರಿಪ್ಟು.

ಆ ಲೈಬ್ರರಿಯ ಫೈಲಲ್ಲಿ ಯಾರೋ ಪುಣ್ಯಾತ್ಮರು "ಲಾಸ್ಟ್‌ನೇಮ್: ಸ್ಟ್ರಿಂಗ್" ಅಂತ ಬರೆದಿದ್ದರು. ಅಂದ್ರೆ ಇರಲೇಬೇಕು. ಅವರ ಊರಲ್ಲಿ ಎಲ್ಲರಿಗೂ ಇರಬಹುದು. ಬೇಕಾಗಿದ್ದದ್ದು ಹೆಸರಿನ ಪಕ್ಕ ಒಂದು ಪ್ರಶ್ನಾರ್ಥಕ ಚಿಹ್ನೆ, "ಇದ್ದರೂ ಇರಬಹುದು, ಇಲ್ಲದೆಯೂ ಇರಬಹುದು" ಅನ್ನೋಕೆ. ಒಂದೇ ಒಂದು ಅಕ್ಷರ ಸೇರಿಸಿ ಕಳಿಸಿದೆ.

ವಾಪಸ್ ಬಂತು. ಅವರ ವಾದ ಹಿಂಗಿತ್ತು: ಫಾರ್ಮಿಗೆ ಕೊಡೋವಾಗ ಲಾಸ್ಟ್ ನೇಮ್ ಐಚ್ಛಿಕ ಮಾಡಿದರೆ ಯಾರಿಗೂ ತೊಂದರೆ ಇಲ್ಲ. ಆದರೆ ಅದೇ ಟೈಪನ್ನ ಫಾರ್ಮಿಂದ ವಾಪಸ್ ಪಡೆಯೋವಾಗಲೂ ಬಳಸ್ತಾ ಇದ್ದಾರೆ. ಅಲ್ಲಿ "ಇದ್ದೇ ಇರುತ್ತೆ" ಅಂತ ನಂಬಿ ಕೋಡ್ ಬರೆದವರಿಗೆಲ್ಲ ನಾಳೆ ಬೆಳಿಗ್ಗೆ ಕೆಂಪು ಗೆರೆ. ಮುಂದಿನ ದೊಡ್ಡ ಆವೃತ್ತಿವರೆಗೆ ಕಾಯಿರಿ, ಜೊತೆಗೆ ಟೆಸ್ಟ್ ಬರೆದುಕೊಡಿ. ನನಗೆ ಸಿಟ್ಟು ಬಂತು. ರಾತ್ರಿ ಮಲಗಿ ಯೋಚಿಸಿದಾಗ ಅವರು ಹೇಳಿದ್ದು ಸರಿ ಅನ್ನಿಸಿತು. ನಾಲ್ಕು ತಿಂಗಳು ಕಾದೆ.

ಆ ನಾಲ್ಕು ತಿಂಗಳಲ್ಲಿ ಕಲಿತದ್ದೇ ಜಾಸ್ತಿ. ಟೈಪಿನ ಟೆಸ್ಟ್ ಅಂದ್ರೆ ಓಡಿಸೋಕೆ ಬರೆಯೋ ಕೋಡ್ ಅಲ್ಲ, ಕಂಪೈಲರ್ ಮುಂದೆ ಇಟ್ಟು "ಇದಕ್ಕೆ ಏನಂತೀಯ?" ಅಂತ ಕೇಳೋದು. ಒಂದೇ ಹೆಸರಿನ ವ್ಯಕ್ತಿಯನ್ನ ಕೊಟ್ಟರೆ ಸುಮ್ಮನಿರಬೇಕು. ಹೆಸರಿನ ಜಾಗದಲ್ಲಿ ಅಂಕಿ ಕೊಟ್ಟರೆ ಬೈಯಲೇಬೇಕು. ಈ ಎರಡನೇದಕ್ಕೆ ಟೈಪ್‌ಸ್ಕ್ರಿಪ್ಟ್ 3.9ರಲ್ಲಿ, 2020ರಲ್ಲಿ, ಒಂದು ಒಳ್ಳೇ ಸೌಕರ್ಯ ಬಂತು. "ಮುಂದಿನ ಸಾಲು ತಪ್ಪು, ನೀನು ತಪ್ಪು ಅನ್ನಲೇಬೇಕು" ಅಂತ ಬರೆದಿಡಬಹುದು. ಅನ್ನದಿದ್ದರೆ ಅದೇ ತಪ್ಪು. ಇದು ಯಾಕೆ ಬೇಕು ಅಂದ್ರೆ, ಸೋಮಾರಿಗಳಿಗೆ "ಎನಿ" ಅಂತ ಒಂದು ಟೈಪ್ ಐತೆ. ಏನು ಬೇಕಾದ್ರೂ ಆಗಬಹುದು ಅಂತ ಅರ್ಥ. ಅದನ್ನ ಬರೆದುಬಿಟ್ಟರೆ ಸರಿ ಇರೋದನ್ನ ಪರೀಕ್ಷಿಸೋ ಟೆಸ್ಟುಗಳೆಲ್ಲ ಪಾಸು, ತಪ್ಪನ್ನ ಹಿಡಿಯೋ ಟೆಸ್ಟ್ ಮಾತ್ರ ಕೂಗುತ್ತೆ. (2025ರ ಒಳಮೀಸಲಾತಿ ಸಮೀಕ್ಷೆಯಲ್ಲಿ ಎಕೆ, ಎಡಿ ಅಂತ ಬರೆಸಿಕೊಂಡವರನ್ನೆಲ್ಲ ಮೂಲ ಜಾತಿ ಯಾವುದು ಅಂತ ಮತ್ತೆ ಕೇಳಬೇಕಾಯ್ತಲ್ಲ, ಓಡಾಡಿದವರಿಗೆ "ಎನಿ" ಕಷ್ಟ ಏನಂತ ಬಿಡಿಸಿ ಹೇಳಬೇಕಿಲ್ಲ.)

ಟೆಸ್ಟಿನಲ್ಲಿ ಉದಾಹರಣೆಗೆ ಹುಲಿಗೆಮ್ಮ, ದುರುಗಪ್ಪ, ಮಾರೆಪ್ಪ ಅಂತ ಹಾಕಿದ್ದೆ. ಒಬ್ಬರು "ಎಲ್ಲರಿಗೂ ಅರ್ಥವಾಗೋ ಹೆಸರು ಹಾಕಿ, ಜಾನ್ ಡೋ ಥರ" ಅಂದರು. ಜಾನ್ ಡೋಗೆ ಲಾಸ್ಟ್ ನೇಮ್ ಐತಲ್ಲ ಸ್ವಾಮಿ, ಪರೀಕ್ಷೆ ಮಾಡಬೇಕಾದದ್ದು ಇಲ್ಲದವರನ್ನ, ಅಂದೆ. ಒಪ್ಪಿದರು. ಆಮೇಲೆ ಹಠಕ್ಕೆ ಬಿದ್ದು ಹುಲಿಗೆಮ್ಮನನ್ನ ಕನ್ನಡ ಅಕ್ಷರದಲ್ಲೇ ಬರೆದೆ. ಆಗ ಇನ್ನೊಂದು ಹುಳುಕು ಹೊರಬಿತ್ತು. ಕಣ್ಣಿಗೆ ನಾಲ್ಕೇ ಅಕ್ಷರ, ಜಾವಾಸ್ಕ್ರಿಪ್ಟಿನ ಲೆಕ್ಕದಲ್ಲಿ 9. ಕೊಂಬು, ಗುಡಿಸು, ವಿರಾಮ, ಎಲ್ಲವನ್ನೂ ಬೇರೆ ಬೇರೆ ಎಣಿಸುತ್ತೆ. ಲೈಬ್ರರಿ ಉದ್ದ ಹೆಸರನ್ನ ಎಂಟಕ್ಕೆ ಕತ್ತರಿಸ್ತಾ ಇತ್ತು, "ಹುಲಿಗೆಮ್" ಅಂತ ಬರ್ತಿತ್ತು. ಕತ್ತರಿಸೋಕೆ ಮುಂಚೆ ಸ್ಟ್ರಿಂಗು, ಕತ್ತರಿಸಿದ ಮೇಲೂ ಸ್ಟ್ರಿಂಗು, ಟೈಪಿಗೆ ಇದು ಕಾಣೋದೇ ಇಲ್ಲ. ಓಡಿಸಿ ನೋಡೋ ಟೆಸ್ಟೇ ಬೇಕು. ಅದನ್ನೂ ಬರೆದೆ.

ಈ ಕೆಲಸ ಮಾಡ್ತಾ ನನಗೆ ಪದೇ ಪದೇ ನೆನಪಾದದ್ದು ಮಹಾಡ್. ಸಾರ್ವಜನಿಕ ಕೆರೆ ಬಾವಿಗಳು ಎಲ್ಲರಿಗೂ ಅಂತ ಮುಂಬೈ ಶಾಸನ ಪರಿಷತ್ತು 1923ರಲ್ಲಿ ನಿರ್ಣಯ ಮಾಡಿತ್ತು. ಚವದಾರ್ ಕೆರೆ ಮುಕ್ತ ಅಂತ ಮಹಾಡ್ ಪುರಸಭೆ 1924ರಲ್ಲಿ ಬರೆದುಕೊಂಡಿತ್ತು. ಕಾಗದದಲ್ಲಿ ಎಲ್ಲ ಸರಿ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಜನರ ಜೊತೆ ಹೋಗಿ ಬೊಗಸೆ ನೀರು ಕುಡಿದಾಗಲೇ ಕಾಗದ ಎಷ್ಟು ನಿಜ ಅಂತ ಗೊತ್ತಾದದ್ದು: ಹೊಡೆತ ಬಿತ್ತು, ಕೆರೆಗೆ ಸಗಣಿ ಗಂಜಲ ಹಾಕಿ ಶುದ್ಧಿ ಮಾಡಿದರು. ಅದೇ ಆಗಸ್ಟಲ್ಲಿ ಪುರಸಭೆ ತನ್ನ ನಿರ್ಣಯವನ್ನೇ ವಾಪಸ್ ತಗೊಂಡಿತು. ಟೆಸ್ಟ್ ಫೇಲಾದಾಗ ನಡೆಯನ್ನ ತಿದ್ದೋ ಬದಲು ಬರೆದದ್ದನ್ನೇ ಅಳಿಸಿದರು. ಹೈಕೋರ್ಟಲ್ಲಿ ಗೆಲ್ಲೋದಕ್ಕೆ 1937 ಆಯ್ತು. ನನ್ನ ಫೈಲಿನ ಕಥೆ ಉಲ್ಟಾ, ಅಲ್ಲಿ ಕೋಡ್ ಒಳ್ಳೇದಿತ್ತು, ಬರಹ ಕೆಟ್ಟದ್ದಿತ್ತು. ಎರಡನ್ನೂ ಹೋಲಿಸೋದು ಅತಿ ಅಂತೀರಾ? ಇರಬಹುದು. ಆದರೂ ಯಾವುದನ್ನ ತಿದ್ದಬೇಕು ಅನ್ನೋ ಪ್ರಶ್ನೆ ಬಂದಾಗೆಲ್ಲ ನನಗೆ ಆ ಪುರಸಭೆ ನೆನಪಾಗುತ್ತೆ.

ಪ್ರಶ್ನಾರ್ಥಕ ಚಿಹ್ನೆ ಕೊನೆಗೂ ಸೇರಿತು. ಟೈಪುಗಳನ್ನ ನೋಡ್ಕೊಳ್ಳೋ ಕೆಲಸವನ್ನೂ ನನಗೇ ಹಚ್ಚಿದರು, ಸಂಬಳ ಇಲ್ಲ. ಮೂರು ತಿಂಗಳಿಗೊಮ್ಮೆ ಅಂದಾಜು ಹೊಸ ಟೈಪ್‌ಸ್ಕ್ರಿಪ್ಟ್ ಬರುತ್ತೆ, ಏನೋ ಒಂದು ಮುರಿಯುತ್ತೆ, ಕೂತು ಸರಿ ಮಾಡ್ಬೇಕು. ಕೋಚಿಂಗಿನವರು ಪತ್ರ ಬರೆದ ಮೇಲೆ ಪಟ್ಟಿ ತಿದ್ದಿದರು. ಹಳೇ ಹಾಲ್ ಟಿಕೆಟ್ ಮಾತ್ರ ಅವಳ ಫೈಲಲ್ಲಿ ಹಂಗೇ ಐತೆ.

ಈಗ ಅವಳು ಭಾನುವಾರ ಭಾನುವಾರ ಕುರುಗೋಡಿಂದ ಬಸ್ ಹತ್ತಿ ಬರ್ತಾಳೆ, ಕಲೀತಾಳೆ. ಹೋದ ವಾರ ಟೆಸ್ಟ್ ಫೈಲ್ ಓದಿ "ಮಾಮ, ಇನಿಷಿಯಲ್ ಮುಂದೆ ಬರೋರಿಗೆ ಒಂದೂ ಇಲ್ವಲ್ಲ" ಅಂದಳು. ನಿಜ, ಇಲ್ಲ. ಈ ಭಾನುವಾರ ಅದನ್ನ ಅವಳೇ ಬರೀತಾಳೆ. ಯಾರ ಹತ್ರನಾದ್ರೂ ನಡೆಯೋ ಸ್ಥಿತಿಯ ಹಳೇ ಲ್ಯಾಪ್‌ಟಾಪ್ ಇದ್ದರೆ ಹೇಳಿ, ಬಂದು ತಗೊಂಡು ಹೋಗ್ತೀನಿ.