ಕೊನೆಯ ಪಾಠ

ಸಿಕಂದರಾಬಾದಿನ ಮೆಟ್ಟುಗುಡದ ಆ ಖಾಸಗಿ ಶಾಲೆಯ ಸೆಕ್ರೆಟರಿ ನನ್ನ ಅರ್ಜಿಯನ್ನು ಜಾತಕದ ಹಾಗೆ ತಿರುವಿ ನೋಡಿದರು. "ಪದಕೊಂಡೇಳ್ಳಲ್ಲೋ ಅಯಿದು ಸ್ಕೂಳ್ಳಾ ಅಮ್ಮಾ?" ಹನ್ನೊಂದು ವರ್ಷಕ್ಕೆ ಐದು ಗಂಡಂದಿರಾ ಎಂದು ಕೇಳಿದ ಧಾಟಿ. ಗಂಡ ಒಬ್ಬರೇ ಸ್ವಾಮಿ, ಐದು ಶಾಲೆಗೂ ಅವರೇ ಕಾರಣ ಅನ್ನಬೇಕೆನಿಸಿತು.

ನಮ್ಮವರು ದಕ್ಷಿಣ ಮಧ್ಯ ರೈಲ್ವೆಯಲ್ಲಿ ಸಿಗ್ನಲ್ ಕಡೆಯವರು. ಗುಂತಕಲ್, ರಾಯಚೂರು, ನಾಂದೇಡ್, ಬೀದರ್, ವಿಜಯವಾಡ. ಅವರಿಗೆ ಹಸಿರು ಬಿದ್ದಾಗಲೆಲ್ಲ ನನಗೆ ಕೆಂಪು. ನನ್ನ ತವರಿನ ಹುಬ್ಬಳ್ಳಿ ವಿಭಾಗವೂ ಒಂದು ಕಾಲಕ್ಕೆ ಇದೇ ವಲಯದಲ್ಲಿ, ಸಿಕಂದರಾಬಾದಿನ ಕೈಕೆಳಗೇ ಇತ್ತು. 2003ರಲ್ಲಿ ಹುಬ್ಬಳ್ಳಿಗೇ ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ ಬಂತು. ಅದಕ್ಕಾಗಿ ಘೋಷಣೆ ಕೂಗಿದವರಲ್ಲಿ ನಮ್ಮಪ್ಪನೂ ಒಬ್ಬರು. ಗೆದ್ದ ದಿನ ಓಣಿಗೆಲ್ಲ ಧಾರವಾಡ ಪೇಢೆ ಹಂಚಿದ್ದರು. ಮುಂದೆ ಅಳಿಯ ಹಳೇ ವಲಯದವನೇ ಸಿಕ್ಕ. ಮಗಳು ತವರಿನ ಕಡೆಗೆ ವರ್ಗವಾಗಿ ಬರುವ ದಾರಿಯನ್ನು ತಾವೇ ನಿಂತು ಮುಚ್ಚಿಸಿದ್ದು ಆಗ ಅವರಿಗೆ ಹೊಳೆಯಿತು.

ವರ್ಗವೆಂದರೆ ನಮ್ಮವರ ಸರ್ವಿಸ್ ಬುಕ್ಕಿನಲ್ಲಿ ಒಂದು ಸಾಲು. ಜೊತೆಗೆ ಮೂಲ ವೇತನದ ಶೇ. 80ರಷ್ಟು ವರ್ಗಾವಣೆ ಭತ್ಯೆ. ನನಗೆ ಒಂದು ರಿಲೀವಿಂಗ್ ಲೆಟರು, ಒಂದು ಗೋಡೆ ಗಡಿಯಾರ. ಐದು ಗಡಿಯಾರಗಳಿವೆ, ಎರಡು ನಡೆಯುತ್ತವೆ. ಗ್ರ್ಯಾಚುಟಿ ಬೇಕಾದರೆ ಒಂದೇ ಕಡೆ ಐದು ವರ್ಷ ಇರಬೇಕಂತೆ. ಗಣಿತದ ಟೀಚರ್ ನಾನು, ಹೇಗೆ ಕೂಡಿಸಿದರೂ ಉತ್ತರ ಸೊನ್ನೆ.

ಇದಕ್ಕಿಂತ ಹೊಟ್ಟೆ ಉರಿಸಿದ್ದು ಬೇರೆ. ಹೊಸಬರಿಗೆ ಯಾರೂ ಮೊದಲ ವರ್ಷವೇ ಹತ್ತನೇ ತರಗತಿ ಕೊಡುವುದಿಲ್ಲ. ನಂಬಿಕೆ ಕುದುರಿ ಅವರು ಕೊಡುವುದಕ್ಕೂ ನಮ್ಮವರ ಆರ್ಡರ್ ಬರುವುದಕ್ಕೂ ಸರಿಹೋಗುತ್ತಿತ್ತು. ದೀಪಾವಳಿಗೆ ತ್ರಿಭುಜ ಮುಗಿಸುತ್ತಿದ್ದೆ, ಬಾಗಿಲಿಗೆ ಲಾರಿ ಬರುತ್ತಿತ್ತು. ಪುಸ್ತಕದ ಕೊನೆಯ ಪಾಠ ಸಂಭವನೀಯತೆ. ಎರಡು ದಾಳ ಎಸೆದು ತೋರಿಸಬೇಕೆಂದು ಗುಂತಕಲ್ಲಿನಲ್ಲೇ ಕೊಂಡಿದ್ದೆ. ಮಕ್ಕಳು ಅವುಗಳಲ್ಲಿ ಹಾವು ಏಣಿ ಆಡಿ ಒಂದನ್ನು ಕಳೆದರು. ಬೀದರಿನ ಹುಡುಗನೊಬ್ಬ ಪರೀಕ್ಷೆ ಮುಗಿಸಿ ಫೋನ್ ಮಾಡಿದ್ದ: "ಟೀಚರ್, ನೀವು ಬಿಟ್ಟುಹೋದ ಪಾಠದ ಲೆಕ್ಕನೇ ಬಂದಿತ್ತು." ಬಿಡಿಸಿದೆಯೇನೋ ಎಂದು ಕೇಳಲು ಬಾಯಿ ಬರಲಿಲ್ಲ.

ಸೆಕ್ರೆಟರಿ ಇನ್ನೂ ನನ್ನ ಮುಖ ನೋಡುತ್ತಿದ್ದರು. "ಮಾ ವಾರು ರೈಲ್ವೇಲೋ," ಎಂದೆ, ಅಷ್ಟೆ.

ಮೂಲೆಯಲ್ಲಿ ಹಾಜರಿ ಪುಸ್ತಕಕ್ಕೆ ಸಹಿ ಹಾಕುತ್ತಿದ್ದ ಹೆಡ್‌ಮಿಸ್ಟ್ರೆಸ್ ತಲೆಯೆತ್ತಿದರು. ಬೊಲಾರಂ ಕಡೆಯ ಮಿಲಿಟರಿ ಮನೆಯವರು.

"ಹತ್ತನೇ ತರಗತಿಗೆ ಎಲ್ಲೀತನಕ ಪಾಠ ಮಾಡಿದ್ದೀರಿ?"

"ತ್ರಿಭುಜದ ತನಕ ಮೇಡಂ."

"ಯಾವ ಊರಲ್ಲಿ?"

"ಎಲ್ಲಾ ಊರಲ್ಲೂ."

ಅವರು ಪೆನ್ನಿನ ಮುಚ್ಚಳ ಹಾಕಿ ನಕ್ಕರು. "ಸೋಮವಾರದಿಂದ ಬನ್ನಿ, ಹತ್ತನೇದೇ ತಗೊಳ್ಳಿ. ನನ್ನದು ಇತಿಹಾಸ. ಏಳು ಊರಲ್ಲಿ ಗಾಂಧೀಜಿಯನ್ನ ದಂಡಿಯ ದಾರಿಯಲ್ಲೇ ಬಿಟ್ಟು ಬಂದಿದ್ದೀನಿ."