ಕಿವಿಯಿಂದ ನೋಡಿದ ಸಿನಿಮಾ

ನಮ್ಮ ಮನೆಯ ಹಿತ್ತಿಲಿಗೂ ಊರಿನ ಟೆಂಟ್ ಸಿನಿಮಾಕ್ಕೂ ನಡುವೆ ಇದ್ದದ್ದು ಒಂದು ಹುಣಸೆಮರ ಮತ್ತು ಒಂದು ಮುಳ್ಳುಬೇಲಿ. ಅಬ್ಬಾ ಮನೆಯೊಳಗೆ ಸಿನಿಮಾದ ಹೆಸರೆತ್ತಲೂ ಬಿಡುತ್ತಿರಲಿಲ್ಲ. ಆದರೆ ಶಬ್ದಕ್ಕೆ ಬೇಲಿ ಹಾಕುವುದು ಅವರಿಂದಲೂ ಆಗಲಿಲ್ಲ. ಇಶಾ ನಮಾಜು ಮುಗಿಸಿ ಅವರು ಮಲಗಿದ ಮೇಲೆ, ಪಾತ್ರೆ ತೊಳೆಯುವ ನೆಪದಲ್ಲಿ ಅಮ್ಮಿ ಹಿತ್ತಿಲಿಗೆ ಬರುತ್ತಿದ್ದಳು. ನಾವು ನಾಲ್ವರು ಮಕ್ಕಳು ಅವಳ ಸುತ್ತ ಕೂರುತ್ತಿದ್ದೆವು. ಒಂದೇ ತಪ್ಪಲೆಯನ್ನು ಎರಡು ಗಂಟೆ ತಿಕ್ಕುವ ಹೆಂಗಸು ನಮ್ಮ ಮೊಹಲ್ಲಾದಲ್ಲಿ ಇನ್ನೊಬ್ಬಳು ಇರಲಾರಳು.

ಟೆಂಟಿನಲ್ಲಿ ಇದ್ದದ್ದು ಒಂದೇ ಪ್ರೊಜೆಕ್ಟರ್. ರೀಲು ಮುಗಿದಾಗ ಥಟ್ಟನೆ ಮೌನ, ಅದರ ಬೆನ್ನಿಗೇ ಶಿಳ್ಳೆ. ಆ ಬಿಡುವಿನಲ್ಲಿ ನಾವು ಕಥೆಯನ್ನು ಜೋಡಿಸಿಕೊಳ್ಳುತ್ತಿದ್ದೆವು. ಆಪಾಳ ನಾಯಕಿ ಯಾವಾಗಲೂ ಕೆಂಪು ಸೀರೆ ಉಟ್ಟಿರುತ್ತಿದ್ದಳು. ಕಿರಿಯವನಿಗೆ ಪ್ರತಿ ಸಿನಿಮಾದಲ್ಲೂ ಒಂದು ಕುದುರೆ ಬೇಕು. ಅಂಥದ್ದೊಂದು ಚಿತ್ರವನ್ನು ಎಷ್ಟೋ ವರ್ಷದ ಮೇಲೆ ಟಿವಿಯಲ್ಲಿ ನೋಡಿದೆವು. ನಾವು ಕುದುರೆಯ ಓಟ ಅಂದುಕೊಂಡದ್ದು ಯಾರೋ ರೊಟ್ಟಿ ತಟ್ಟುವ ಸದ್ದಾಗಿತ್ತು! ಕಿರಿಯವನಿಗೆ ಆದ ನಿರಾಸೆ ಅಷ್ಟಿಷ್ಟಲ್ಲ.

ಪರದೆಗೆ ನಾಲ್ಕು ಅಂಚುಗಳಿವೆ. ಕ್ಯಾಮೆರಾ ಏನನ್ನು ಅದರೊಳಗೆ ತರುತ್ತದೆ, ಏನನ್ನು ಹೊರಗೆ ಬಿಡುತ್ತದೆ, ಬೆಳಕು ಎಲ್ಲಿಂದ ಬೀಳುತ್ತದೆ, ಮುಖ ಎಷ್ಟು ಹತ್ತಿರ ಎಂಬುದೆಲ್ಲ ಲೆಕ್ಕವಿಟ್ಟು ಮಾಡುವ ಕೆಲಸ. ಶಬ್ದಕ್ಕೆ ಅಂಚಿಲ್ಲ. ಕಾಣದ ಕೋಣೆಯಿಂದ ಕೆಮ್ಮು ಕೇಳಿದರೆ ಸಾಕು, ಕೋಣೆಯೂ ಅಲ್ಲೊಬ್ಬ ರೋಗಿಯೂ ಹುಟ್ಟಿಕೊಳ್ಳುತ್ತಾರೆ. ಕೆಲವೊಮ್ಮೆ ಕೇಳಬೇಕಾದ್ದನ್ನು ಕೇಳಿಸದಿರುವುದೂ ಒಂದು ಉಪಾಯ. ಸತ್ಯಜಿತ್ ರಾಯ್ ಅವರ ‘ಪಥೇರ್ ಪಾಂಚಾಲಿ’ಯಲ್ಲಿ (1955) ಊರಿಗೆ ಮರಳಿದ ಹರಿಹರ, ಸತ್ತುಹೋದ ಮಗಳಿಗೆಂದು ತಂದ ಸೀರೆಯನ್ನು ಏನೂ ಅರಿಯದೆ ಹೆಂಡತಿಯ ಕೈಗಿಡುತ್ತಾನೆ. ಆಕೆ ಬಾಯಿ ತೆರೆದು ಅಳುತ್ತಾಳೆ. ನಮಗೆ ಕೇಳುವುದು ಅವಳ ದನಿಯಲ್ಲ, ತಾರ್ ಶಹನಾಯಿ. ಬರೆಯುವವರಿಗೆ ಹೊಟ್ಟೆಕಿಚ್ಚಾಗುವುದು ಇಂಥಲ್ಲಿಯೇ.

‘ಗರ್ಮ್ ಹವಾ’ದ ಕಥೆ ಇನ್ನೂ ವಿಚಿತ್ರ. ನಿರ್ದೇಶಕ ಎಂ.ಎಸ್. ಸತ್ಯು ಮೈಸೂರಿನವರು. ಫಿಲ್ಮ್ ಫೈನಾನ್ಸ್ ಕಾರ್ಪೊರೇಷನ್ ಕೊಟ್ಟ ಸಾಲ ಎರಡೂವರೆ ಲಕ್ಷ ರೂಪಾಯಿ. ಆಗ್ರಾದ ಗಲ್ಲಿಗಳಲ್ಲಿ ಶಬ್ದ ಮುದ್ರಿಸುವ ಯಂತ್ರಕ್ಕೆ ಹಣವಿರಲಿಲ್ಲ. ಇಡೀ ಚಿತ್ರವನ್ನು ಮೂಕವಾಗಿ ತೆಗೆದು, ಮಾತನ್ನೂ ಸದ್ದನ್ನೂ ಬೊಂಬಾಯಿಯಲ್ಲಿ ಸೇರಿಸಿದರು. ಸಲೀಂ ಮಿರ್ಜಾನ ಪಾತ್ರಕ್ಕೆ ಕಂಠದಾನ ಮುಗಿಸಿದ ಮರುದಿನ, 1973ರ ಏಪ್ರಿಲ್ 13ರಂದು, ಬಲರಾಜ್ ಸಾಹನಿ ತೀರಿಕೊಂಡರು. ಚಿತ್ರ ತೆರೆಗೆ ಬಂದದ್ದು 1974ರಲ್ಲಿ. ಮಿರ್ಜಾನ ತಾಯಿಯಾಗಿ ಕಾಣುವವರು ಆಗ್ರಾದ ಬದರ್ ಬೇಗಂ, ಅವರ ಬಾಯಿಂದ ಕೇಳುವ ದನಿ ದೀನಾ ಪಾಠಕ್ ಅವರದು. ಮುಖ ಒಬ್ಬರದು, ದನಿ ಇನ್ನೊಬ್ಬರದು; ನೋಡುವವರಿಗೆ ಒಬ್ಬಳೇ ಮುದುಕಿ.

2019ರ ರಂಜಾನ್ ಹಬ್ಬದ ಮರುದಿನ ಆ ಚಿತ್ರವನ್ನು ಅಮ್ಮಿಗೆ ಹಾಕಿದೆವು. ಅಷ್ಟು ಹೊತ್ತಿಗೆ ಅಬ್ಬಾ ಇರಲಿಲ್ಲ. ಅಮ್ಮಿಯ ಎರಡೂ ಕಣ್ಣು ಹೋಗಿದ್ದವು. ನಾವು ನಾಲ್ವರೂ ಊರಿಗೆ ಬಂದದ್ದು ಹಬ್ಬಕ್ಕೆ ಮಾತ್ರವಲ್ಲ. ಮನೆ ಮಾರುವ ಮಾತನ್ನು ಫೋನಿನಲ್ಲೇ ಮುಗಿಸಿದ್ದೆವು, ಮುಂಗಡವೂ ಕೈಗೆ ಬಂದಿತ್ತು. ಅಮ್ಮಿಗೆ ಹೇಳುವುದಷ್ಟೇ ಬಾಕಿ. ಎರಡು ದಿನದಿಂದ ಒಬ್ಬರು ಇನ್ನೊಬ್ಬರ ಮುಖ ನೋಡುತ್ತಿದ್ದೆವು.

ಕಾಣುವುದನ್ನೆಲ್ಲ ಬಾಯಲ್ಲಿ ಹೇಳಬೇಕೆಂಬುದು ಅಮ್ಮಿಯ ಅಪ್ಪಣೆ. ಒಂದೇ ದೃಶ್ಯವನ್ನು ನಾಲ್ವರೂ ನಾಲ್ಕು ಥರ ಹೇಳಿದೆವು. ಆಪಾ ಬಟ್ಟೆ, ಒಡವೆ ಎಂದಳು. ಭಾಯಿ ಯಾರು ಬಂದರು, ಯಾರು ಹೋದರು ಎಂಬ ಹಾಜರಿ ತೆಗೆದ. ಕಟ್ಟಡದ ಗುತ್ತಿಗೆ ಮಾಡುವ ಕಿರಿಯವನು ಹವೇಲಿಯ ಕಮಾನು, ಮೆಟ್ಟಿಲುಗಳಿಂದ ಮೇಲೇಳಲೇ ಇಲ್ಲ. ನಮ್ಮಲ್ಲಿ ಕಥೆ ಬರೆಯುವ ಚಟವಿರುವವರು ಮಿರ್ಜಾನ ಮನಸ್ಸಿನ ನೋವನ್ನು ವಿವರಿಸಲು ಹೊರಟು ಬೈಸಿಕೊಂಡರು. “ಮನಸ್ಸಿನಲ್ಲಿರೋದು ನನಗೆ ಕೇಳಿಸ್ತದೆ. ನೀನು ಕಣ್ಣಿಗೆ ಕಾಣೋದು ಹೇಳು.”

ಇಪ್ಪತ್ತು ವರ್ಷದ ಬರವಣಿಗೆಗೆ ಅದಕ್ಕಿಂತ ಒಳ್ಳೆಯ ವಿಮರ್ಶೆ ಬಂದಿಲ್ಲ.

ಮನೆ ದೊಡ್ಡಣ್ಣನ ಹೆಸರಿನಲ್ಲಿದೆ. ಅವನು ಪಾಕಿಸ್ತಾನಕ್ಕೆ ಹೋದ ಮೇಲೆ ಹವೇಲಿ ಕೈಬಿಡುತ್ತದೆ, ಮಿರ್ಜಾನ ಸಂಸಾರ ಬಾಡಿಗೆ ಮನೆಗೆ ಹೊರಡಬೇಕು. ಮದುಮಗಳಾಗಿ ಕಾಲಿಟ್ಟ ಮನೆಯನ್ನು ಮುದುಕಿ ಬಿಡಲೊಲ್ಲಳು, ಮೂಲೆ ಸೇರಿ ಅಡಗಿ ಕೂರುತ್ತಾಳೆ. ಅವಳನ್ನು ಎತ್ತಿಕೊಂಡೇ ಹೊರಗೆ ತರಬೇಕಾಗುತ್ತದೆ. ಅವಳ ಕೂಗು ಶುರುವಾಯಿತು.

“ಕ್ಯಾ ಹೋರಾ? ಹೇಳ್ರೋ, ಏನಾಗ್ತಿದೆ?”

ಅಷ್ಟು ಹೊತ್ತು ಒಬ್ಬರ ಮಾತಿನ ಮೇಲೊಬ್ಬರು ಬೀಳುತ್ತಿದ್ದ ನಾವು ನಾಲ್ವರೂ ತೆಪ್ಪಗಾದೆವು. ಯಾರೋ ರಿಮೋಟಿನ ಗುಂಡಿ ಒತ್ತಿ ಸದ್ದು ನಿಲ್ಲಿಸಿದರು. ಅದು ಯಾರೆಂದು ನಮ್ಮಲ್ಲಿ ಇಂದಿಗೂ ಯಾರೂ ಒಪ್ಪಿಕೊಂಡಿಲ್ಲ. ಪರದೆಯ ಮೇಲೆ ಮುದುಕಿಯ ಬಾಯಿ ಮಾತ್ರ ಅಲುಗುತ್ತಿತ್ತು.

“ಯಾಕೆ ನಿಂತಿತು? ರೀಲು ಬದಲಿಸ್ತಿದ್ದಾರಾ?” ಅಂದಳು ಅಮ್ಮಿ. ನಕ್ಕಳೋ ಏನೋ.

ಸದ್ದು ಮತ್ತೆ ಹಾಕಿದೆವು. ಆಮೇಲೆ ಅವಳು ಏನನ್ನೂ ಕೇಳಲಿಲ್ಲ, ನಾವೂ ಹೇಳಲಿಲ್ಲ. ಚಿತ್ರ ಮುಗಿಯುವವರೆಗೂ ತಸ್ಬೀಹಿನ ಮಣಿಯೂ ಸರಿಯಲಿಲ್ಲ. ಹಿತ್ತಿಲ ಕಡೆಯಿಂದ ಹುಣಸೆಮರದ ಗಾಳಿ ಬರುತ್ತಿತ್ತು. ಟೆಂಟು ಇದ್ದ ಜಾಗದಲ್ಲಿ ಈಗ ಕಲ್ಯಾಣಮಂಟಪವಿದೆ.

“ಎಷ್ಟಕ್ಕೆ ಹೋಯಿತು?” ಎಂದು ಕೇಳಿದಳು.

“ಯಾವುದು ಅಮ್ಮಿ, ಹವೇಲಿಯಾ?”

“ನಮ್ಮದು” ಎಂದಳು.